ಮಾತಿನಕ್ಕ ತೂತು ಹಾಕಿಸಿದ ಡಿಸ್ಕ್

ಆಸ್ಪತ್ರೆಯಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ರೋಗಿಗಳಿಗೆ ಮಾತ್ರ ಅವಳು ಮಾತಿನಕ್ಕ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಅದರ ಜೊತೆಗೆ, ಯಾರೂ ಹೇಳದ ಇನ್ನೊಂದು ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದಳು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳನ್ನು ಮನೆಗೆ ಕರೆಸಿ, ಹಿಂದಿನ ಕೋಣೆಯ ಕಿಟಕಿಗೆ, ಗೋಡೆಗೆ ಕಂಬಳಿ ಇಳಿಬಿಟ್ಟು, ಅವರ ದನಿಯನ್ನು ರೆಕಾರ್ಡ್ ಮಾಡಿ ಇಡುತ್ತಿದ್ದಳು.

ಆ ದನಿಗಳೆಲ್ಲ ಅದೇ ಕೋಣೆಯ ಮೇಜಿನ ಕೆಳಗಿದ್ದ ಸರ್ವರ್‌ನಲ್ಲಿದ್ದವು. ಹಳೆಯ ಕಂಪ್ಯೂಟರ್ ಪೆಟ್ಟಿಗೆ, ಒಳಗೆ ನಾಲ್ಕು ಡಿಸ್ಕ್, ನಾಲ್ಕನ್ನೂ ನಡೆಸುವ ಒಂದು ಕಂಟ್ರೋಲರ್ ಕಾರ್ಡ್. ಒಂದು ಡಿಸ್ಕ್ ಕೆಟ್ಟರೆ ಉಳಿದ ಮೂರರಿಂದ ಅದರ ಪಾಲನ್ನು ಮತ್ತೆ ಕಟ್ಟಿಕೊಳ್ಳಬಹುದು; ಎರಡು ಕೆಟ್ಟರೆ ಕತೆ ಮುಗಿಯಿತು. ಎಲ್ಲದರ ಇನ್ನೊಂದು ಪ್ರತಿ ತಂಗಿಯ ಮನೆಯಲ್ಲಿರುತ್ತಿತ್ತು. ಆದರೆ ಆ ವರ್ಷ ಆಸ್ಪತ್ರೆಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ನಾಳೆ ಒಯ್ದರಾಯಿತು ಎನ್ನುತ್ತಲೇ ತಿಂಗಳುಗಳು ಉರುಳಿದ್ದವು.

ಆ ತಿಂಗಳುಗಳಲ್ಲೇ ಬಸ್ ಕಂಡಕ್ಟರ್ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ತಮ್ಮ ರೂಟಿನ ಸ್ಟಾಪುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗಿದರು. ಮಗಳಿಗೆ ನಾಲ್ಕು ಮಾತು ಬುದ್ಧಿ ಹೇಳಿದರು. ಬೈಗುಳವನ್ನೂ ಹಿಡಿದಿಡಿ, ಅದಿಲ್ಲದೆ ಮನೆ ಮನೆಯಂತಿರುವುದಿಲ್ಲ ಎಂದು ಹೆಂಡತಿ ನಕ್ಕಾಗ, ‘ಇವಳೇ, ಕೊಡೆ ಎಲ್ಲಿಟ್ಟು ಸತ್ತೆ’ ಎಂದು ಗುಡುಗಿದರು. ಕೊನೆಗೆ ಆಕೆ ತಲೆ ತಗ್ಗಿಸಿ ಕೇಳಿದಳು:

“ಒಂದು ಸಲ ನನ್ನ ಹೆಸರು ಹೇಳಿಬಿಡಿ. ಮದುವೆ ಆದಾಗಿಂದ ಇವಳೇ, ಇವಳೇ ಅಂತಾನೇ ಕರೆದಿದ್ದೀರಿ.”

ಕಂಡಕ್ಟರ್ ಕೆಮ್ಮಿದರು, ಕಂಬಳಿಯನ್ನು ದಿಟ್ಟಿಸಿದರು, ಆಮೇಲೆ ಹೆಸರು ಹಿಡಿದು ಎರಡು ಬಾರಿ ಕರೆದರು. ಎರಡನೆಯ ಸಲ ದನಿ ಕುಸಿಯಿತು. ಮಾತಿನಕ್ಕ ಮೈಕಿನ ತಂತಿ ಸರಿಮಾಡುವವಳಂತೆ ಬಗ್ಗಿದಳು.

ಶಸ್ತ್ರಚಿಕಿತ್ಸೆಯ ಗಾಯ ಮಾಯುವವರೆಗೆ ಅವರಿಗೆ ರೆಕಾರ್ಡಿಂಗ್ ನೆನಪಾಗಲಿಲ್ಲ. ಕಡೆಗೆ ಹೆಂಡತಿಯೇ ಫೋನ್ ಮಾಡಿ, ಇನ್ನು ಅದನ್ನು ಕೊಡಿ ಎಂದಳು. ಅದೇ ವಾರ ಸರ್ವರ್ ತಕರಾರು ತೆಗೆಯಿತು.

ಮೊದಲು ಮೂರನೆಯ ಡಿಸ್ಕ್ ಕಾಣೆಯಾಯಿತು. ಕೇಬಲ್ ಬಿಚ್ಚಿ ಮತ್ತೆ ಒತ್ತಿದರೆ ಬಂತು, ಮರುದಿನ ಮತ್ತೆ ಹೋಯಿತು. ತಪಾಸಣೆ ಮಾಡಿಸಿದಾಗ ಡಿಸ್ಕಿನೊಳಗೆ ಯಾವ ದೋಷವೂ ಕಾಣಲಿಲ್ಲ. ಕಾರ್ಡಿಗೂ ಡಿಸ್ಕಿಗೂ ನಡುವೆ, ದಾರಿಯಲ್ಲಿ ಆಗುವ ತಪ್ಪುಗಳ ಲೆಕ್ಕ ಮಾತ್ರ ಏರುತ್ತಿತ್ತು. ಅವಳು ನೋಡಿದಳು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಡಿಸ್ಕ್ ಹಳತು, ಆಯುಸ್ಸು ತೀರಿದೆ ಎಂದುಕೊಂಡು ಹೊಸದು ತಂದಳು. ಹಳತನ್ನು ಹಾಗೇ ಎಸೆಯುವಂತಿಲ್ಲ, ಕಂಡವರ ದನಿ ಕಂಡವರ ಕೈಗೆ ಸಿಗಬಾರದು. ಗ್ರಿಲ್ ಅಂಗಡಿ ಇಟ್ಟಿದ್ದ ಗಂಡನ ಕೈಗೆ ಕೊಟ್ಟಳು.

“ಕೆಟ್ಟಿರೋದು ಗ್ಯಾರಂಟಿನಾ?” ಎಂದು ಅವನು ಕೇಳಿದ.

“ಹೂಂ. ತೂತು ಹಾಕಿಬಿಡಿ.”

ಅವನು ಅಂಗಡಿಯ ಡ್ರಿಲ್ಲಿನಲ್ಲಿ ನಡುಮಧ್ಯಕ್ಕೆ ತೂತು ಹಾಕಿ ತಂದ.

ಹೊಸ ಡಿಸ್ಕಿಗೆ ಹಳೆಯದರ ಪಾಲನ್ನು ತುಂಬಿಸುವ ಕೆಲಸ ಅರ್ಧ ದಾಟಿತ್ತು, ಆಗ ಎರಡನೆಯ ಡಿಸ್ಕ್ ಮಾಯವಾಗಿ ಎಲ್ಲವೂ ನಿಂತುಹೋಯಿತು. ಕೇಬಲ್ ಬದಲಿಸಿದಳು, ಪವರ್ ಸಪ್ಲೈ ಬದಲಿಸಿದಳು. ಕಡೆಗೆ ಆ ಎರಡನೆಯ ಡಿಸ್ಕನ್ನು ಕಾರ್ಡಿನಿಂದ ಬಿಡಿಸಿ ಗಂಡನ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿ ನೋಡಿದಳು. ಡಿಸ್ಕ್ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು, ಯಾವ ದೋಷವೂ ಇರಲಿಲ್ಲ. ಸರ್ವರಿನೊಳಗೆ ಕೈಹಾಕಿ ಕಂಟ್ರೋಲರ್ ಕಾರ್ಡನ್ನು ಮುಟ್ಟಿದವಳು ಚುರುಕ್ ಎಂದು ಕೈ ಎಳೆದುಕೊಂಡಳು. ಅದರ ಪುಟ್ಟ ಫ್ಯಾನಿಗೆ ಕಂಬಳಿಯ ನವಿರು ಸುತ್ತಿ ಸುತ್ತಿ ಉಂಡೆಗಟ್ಟಿತ್ತು; ತಿರುಗುವುದನ್ನು ಎಂದೋ ನಿಲ್ಲಿಸಿತ್ತು. ಕಾರ್ಡ್ ಕಾದಾಗಲೆಲ್ಲ ಒಂದೊಂದು ಡಿಸ್ಕಿನ ಕೈ ಬಿಡುತ್ತಿತ್ತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು,” ಎಂದ ಗಂಡ.

ಹೊಸ ಕಾರ್ಡ್ ಹಾಕಿದ ಮೇಲೆ ಉಳಿದಿದ್ದ ಮೂರು ಹಳೆಯ ಡಿಸ್ಕುಗಳೂ ಎದ್ದವು. ತುಂಬಿಸುವ ಕೆಲಸ ಈ ಸಲ ಕೊನೆ ಮುಟ್ಟಿತು. ಆದರೆ ನಾಲ್ಕನೆಯ ಡಿಸ್ಕಿನಲ್ಲಿ ಕೆಲವು ಜಾಗಗಳು ನಿಜಕ್ಕೂ ಸತ್ತಿದ್ದವು. ಉಳಿದೆರಡರ ಜೊತೆ ಸೇರಿ ಅಲ್ಲಿ ಏನಿತ್ತೆಂದು ಹೇಳಬಹುದಾಗಿದ್ದದ್ದು ತೂತು ಬಿದ್ದ ಆ ಮೂರನೆಯ ಡಿಸ್ಕ್ ಒಂದೇ. ಡಿಸ್ಕಿನಿಂದ ಕಳೆದದ್ದನ್ನು ತೆಗೆದುಕೊಡುವವರ ಬಳಿ ಅದನ್ನು ಒಯ್ದಳು. ಅವರು ತೂತನ್ನು ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸಿದರು.

ತಂಗಿಯ ಮನೆಯಲ್ಲಿ ಪ್ರತಿ ಇಲ್ಲದ ರೆಕಾರ್ಡಿಂಗುಗಳನ್ನೆಲ್ಲ ಅವಳು ಒಂದೊಂದಾಗಿ ಕೇಳಿದಳು. ಬಹುಪಾಲು ಸರಿಯಿದ್ದವು. ಕಂಡಕ್ಟರ್ ಅವರದರಲ್ಲಿ ಸ್ಟಾಪುಗಳಿದ್ದವು, ಬುದ್ಧಿಮಾತಿತ್ತು, ಕೊಡೆಯ ಗುಡುಗೂ ಇತ್ತು. ಆಮೇಲೆ ಹೆಂಡತಿಯ ಬೇಡಿಕೆ, ಒಂದು ಕೆಮ್ಮು. ಅಲ್ಲಿಂದ ಮುಂದೆ ಏನೂ ಇಲ್ಲ. ಅವಳು ಮತ್ತೆ ಮತ್ತೆ ಹಾಕಿದಳು, ಹಾಕಿದರೆ ಬಂದೀತೇನೋ ಎಂಬಂತೆ.

ಏನೂ ಹೇಳದೆ ಕೊಟ್ಟರೂ ಆಗುತ್ತಿತ್ತು. ಹೆಸರು ಸರಿಯಾಗಿ ರೆಕಾರ್ಡ್ ಆಗಿಲ್ಲ ಎಂದರೆ ನಂಬುತ್ತಿದ್ದರು. ಅವಳಿಗೆ ಅದು ಹೊಳೆಯದೇ ಇರಲಿಲ್ಲ. ಆದರೆ ಇಬ್ಬರನ್ನೂ ಅದೇ ಕೋಣೆಯಲ್ಲಿ ಕೂರಿಸಿಕೊಂಡು, ಕಾರ್ಡಿನಿಂದ ಹಿಡಿದು ಡ್ರಿಲ್ಲಿನ ತನಕ ನಡೆದದ್ದೆಲ್ಲವನ್ನೂ ಹೇಳಿದಳು. ಕಂಡಕ್ಟರ್ ಕತ್ತಿನ ಬಟ್ಟೆಯನ್ನು ಸರಿಪಡಿಸುತ್ತಾ ಕೇಳಿಸಿಕೊಂಡರು. ಪರವಾಗಿಲ್ಲ ಎಂಬಂತೆ ಕೈ ಆಡಿಸಿದರು. ಹೆಂಡತಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ತೂತು ಹಾಕೋವಾಗ ಅದು ಚೆನ್ನಾಗಿದೆ ಅಂತ ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿರಲಿಲ್ಲ,” ಎಂದಳು ಮಾತಿನಕ್ಕ. “ಗೊತ್ತು ಮಾಡ್ಕೋಬಹುದಿತ್ತು.”

ಹೆಂಡತಿ, ಉಳಿದಷ್ಟು ದನಿಯನ್ನು ತುಂಬಿಕೊಟ್ಟಿದ್ದ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

ಈಗ ಪ್ರತಿ ಭಾನುವಾರ ಮಾತಿನಕ್ಕ ತಪ್ಪದೆ ತಂಗಿಯ ಮನೆಗೆ ಹೋಗಿಬರುತ್ತಾಳೆ. ಕಂಡಕ್ಟರ್ ಆಸ್ಪತ್ರೆಗೆ ಪಾಠಕ್ಕೆ ಬರುತ್ತಲೇ ಇದ್ದಾರೆ. ಅನ್ನನಾಳದಲ್ಲಿ ಗಾಳಿ ಹಿಡಿದು ಸಣ್ಣಪುಟ್ಟ ಶಬ್ದ ಹೊರಡಿಸುವಷ್ಟಕ್ಕೆ ಬಂದಿದ್ದಾರೆ. ಹೆಂಡತಿ ಜೊತೆಗೇ ಬರುತ್ತಾಳೆ. ಮೊದಲು ಒಳಗೆ ಬಂದು ಪಕ್ಕದಲ್ಲೇ ಕೂರುತ್ತಿದ್ದವಳು ಈಗ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾಳೆ. ಒಳಗೆ ಹೊರಡುವ ಶಬ್ದ ಆಕೆಗೂ ಕೇಳಲಿ ಎಂದು ಮಾತಿನಕ್ಕ ಬಾಗಿಲನ್ನು ತೆರೆದೇ ಇಟ್ಟು ಪಾಠ ಮಾಡುತ್ತಾಳೆ.