ಮಾತಾಡ್ತಾ ನಡೀಬೇಕಂತೆ

ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಗೇಟು ದಾಟಲು ಹೆದರುತ್ತಿದ್ದರು. ದಿನಾ ನಡೆಯಿರಿ, ನಡೆಯುತ್ತಾ ಮಾತಾಡಲು ಉಸಿರು ಸಾಲದಿದ್ದರೆ ನಿಧಾನಿಸಿ ಎಂದು ನರ್ಸ್ ಹೇಳಿಕೊಟ್ಟಿದ್ದರು. ನನ್ನ ನೆನಪನ್ನು ನಂಬುವುದಾದರೆ ಹಾಗೆ. ಅಮ್ಮನ ನೆನಪೇ ಬೇರೆ.

"ರೀ, ಏಳಿ. ಬಾಯಿ ಮುಚ್ಕೊಂಡು ನಡೆದ್ರೆ ಹಾರ್ಟಿಗೆ ಒಳ್ಳೇದಲ್ವಂತೆ, ಮಾತಾಡ್ತಾನೇ ನಡೀಬೇಕಂತೆ!" ಎಂದು ಮಿತಭಾಷಿ ಅಪ್ಪನನ್ನು ರಾಜೀವನಗರದ ಬೀದಿಗೆ ಎಳೆದೊಯ್ದರು. ಮಾತು ಹುಡುಕುವ ಪರದಾಟದಲ್ಲಿ ಅಪ್ಪ ಹೆದರುವುದನ್ನೇ ಮರೆತಂತಿತ್ತು. ಒಂದು ಸುತ್ತು ಮುಗಿಸಿ ಬಂದಾಗ, ಉಪ್ಪು ಕಡಿಮೆಯಾದ ಹುಳಿಯ ಬಗ್ಗೆ ಜಗಳವಾಡುತ್ತಾ ಇಬ್ಬರೂ ನಗುತ್ತಿದ್ದರು.

"ಅಮ್ಮಾ, ನರ್ಸ್ ಹಾಗೆ ಹೇಳಲೇ ಇಲ್ಲ" ಎಂದೆ.

"ನೀನು ಸುಮ್ನಿರು ಕಣಮ್ಮ" ಎಂದರು ಅಪ್ಪ. "ಇವಳಿಗಿನ್ನೂ ಒಂದ್ಮಾತು ಹೇಳೋದಿದೆ. ಇನ್ನೊಂದು ಸುತ್ತು ಹೋಗ್ಬರ್ತೀವಿ."

ಈ ಸಲ ಗೇಟನ್ನು ಅಪ್ಪನೇ ತೆಗೆದರು.