ಅಮ್ಮ ಮೆಣಸಿನಕಾಯಿ ಹುರಿದ ದಿನ

ಎಂಬತ್ತರ ದಶಕದಲ್ಲಿ ತೊಂಡಾಮುತ್ತೂರಿನ ತೋಟ ಬಿಟ್ಟು ನಾವು ಕೊಯಮತ್ತೂರಿನ ಸಾಲುಮನೆಯೊಂದಕ್ಕೆ ಬಂದೆವು. ಅಕ್ಕಪಕ್ಕದವರ ಪರಿಚಯವಿಲ್ಲದೆ ಅಮ್ಮ ಮಾತೇ ಕಳೆದುಕೊಂಡವಳಂತಿದ್ದಳು. ಒಂದು ಬೆಳಿಗ್ಗೆ ಅವಳು ಸಾರಿನ ಪುಡಿಗೆಂದು ಬಾಣಲೆ ತುಂಬ ಒಣಮೆಣಸಿನಕಾಯಿ ಹುರಿದಳು. ತೋಟದಲ್ಲಾದರೆ ಗಾಳಿಗೆ ಹೋಗುತ್ತಿದ್ದ ಘಾಟು ಇಲ್ಲಿ ಎಲ್ಲರ ಮನೆಗೂ ನುಗ್ಗಿತು. ಹೆಂಗಸರೆಲ್ಲ ಕೆಮ್ಮುತ್ತ, ಸೀನುತ್ತ ನಮ್ಮ ಬಾಗಿಲಿಗೆ ಬಂದರು.

"ಎನ್ನಮ್ಮಾ ಇದು?" ಎಂದು ಪಕ್ಕದ ಮನೆಯ ಅಜ್ಜಿ ತಮಿಳಿನಲ್ಲಿ ಗದರಿದರು.

ಅಮ್ಮ ಗಾಬರಿಯಲ್ಲಿ ತಮಿಳು ಮರೆತು, "ಒಳಗೆ ಬನ್ನಿ ಅಜ್ಜಿ, ಒಂಚೂರು ಹುರುಳಿ ಸಾರು ಕುಡೀರಿ," ಎಂದು ನಮ್ಮ ಮನೆಮಾತಾದ ಕನ್ನಡದಲ್ಲೇ ಹೇಳಿ ಲೋಟ ಮುಂದೆ ಹಿಡಿದಳು.

ಅಜ್ಜಿ ಒಂದು ಲೋಟ ಕುಡಿದು ಇನ್ನೊಂದು ಕೇಳಿದರು. ಮಿಕ್ಕವರೂ ಕೂತರು. ಮುಂದಿನ ವಾರ ಅವರೆಲ್ಲ ತಮ್ಮ ಮೆಣಸಿನಕಾಯಿ ಹೊತ್ತು, ಘಾಟು ಗಾಳಿಗೆ ಹೋಗಲೆಂದು ನಮ್ಮ ತಾರಸಿಗೆ ಬಂದರು. ಅಮ್ಮ ಹುರಿಯುತ್ತ ಹರಟುತ್ತ ನನಗೆ ಊಟ ಹಾಕುವುದನ್ನೇ ಮರೆತಳು.