ಎರ್ಲಿಂಡಾಳ ಗ್ಯಾರೇಜಿನಲ್ಲಿ ಜಂಬದ ಪಾಠ

ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಸಿದ ಫಿಲಿಪೈನ್ಸಿನ ಇಲೋಯಿಲೋ ಕಡೆಯವರಲ್ಲಿ ಎರ್ಲಿಂಡಾಳ ಮನೆಯ ಗ್ಯಾರೇಜ್ ಗೊತ್ತಿಲ್ಲದವರಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಯಿತೆಂದರೆ ಕಾರು ಹೊರಗೆ, ಜನ ಒಳಗೆ. ಮೂಲೆಯಲ್ಲಿ ಹಾಡುವ ಮೈಕು, ಮೇಜಿನ ತುಂಬ ಕರಿದ ಲುಂಪಿಯಾ ಸುರುಳಿ, ಪನ್ಸಿತ್ ಶಾವಿಗೆ, ಕೊನೆಗೆ ಆಕೆಯೇ ಹಾಲು ಮೊಟ್ಟೆ ಹಾಕಿ ಕೈಯಾರೆ ಮಾಡಿದ ಲೆಚೆ ಫ್ಲಾನ್. ಈ ಸಿಹಿ ಮಾತ್ರ ಪುಕ್ಕಟೆ ಸಿಗುವಂಥದ್ದಲ್ಲ. ತಿನ್ನಬೇಕೆಂದರೆ ತನ್ನ ಬಗ್ಗೆ ತಾನೇ ಜಂಬ ಕೊಚ್ಚಬೇಕು.

ಅದಕ್ಕೆ ಕಾರಣವಿತ್ತು. ಎರ್ಲಿಂಡಾ ಐಸಿಯು ನರ್ಸಾಗಿದ್ದಾಗ ಅರಿವಳಿಕೆ ಕೊಡುವ ವಿದ್ಯೆ ಕಲಿಯಬೇಕೆಂದು ಆಸೆಪಟ್ಟು ಎರಡು ಸಲ ಸಂದರ್ಶನದಲ್ಲಿ ಸೋತಿದ್ದಳು. ನಿನ್ನಿಂದ ಉಳಿದ ಒಂದು ಜೀವದ ಕಥೆ ಹೇಳು ಎಂದರೆ, "ಡಾಕ್ಟರು ನೋಡ್ಕೊಂಡ್ರು ಸರ್, ನಾನು ಪಕ್ಕದಲ್ಲಿದ್ದೆ ಅಷ್ಟೆ" ಎಂದು ತಲೆ ತಗ್ಗಿಸಿದ್ದಳು. ಊರಲ್ಲಿ ಅದು ಒಳ್ಳೆಯ ಮನೆತನದ ಲಕ್ಷಣ. ಇಲ್ಲಿಯ ಪುಣ್ಯಾತ್ಮರು ಅದನ್ನೇ ನಿಜವೆಂದು ನಂಬಿಬಿಟ್ಟರು! ಮೂರನೆಯ ಸಲ ನಾಚಿಕೆಯನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋದಳು, ಸೀಟು ಸಿಕ್ಕಿತು. ಈಗ ಆಪರೇಷನ್ನಿಗೆ ಬಂದವರನ್ನು ನಿದ್ದೆ ಮಾಡಿಸಿ, ಉಸಿರು ಕಾಯ್ದು, ಮತ್ತೆ ಎಬ್ಬಿಸಿ ಕಳಿಸುವುದು ಅವಳ ಕೆಲಸ. ತನ್ನ ಹಿಂದೆ ಬಂದ ಹುಡುಗಿಯರು ಬಾಯಿಲ್ಲದೆ ಸೋಲುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

ಈ ಸಲದ ಮೌನಗೌರಿ ಜೋವೆಲಿನ್. ಹೋದ ವರ್ಷ ಸೋತವಳು, ನಾಳೆ ಮತ್ತೆ ಸಂದರ್ಶನ.

"ಹೇಳೇ, ಐಸಿಯುನಲ್ಲಿ ಅವತ್ತು ಏನಾಯ್ತು?" ಎಂದಳು ಎರ್ಲಿಂಡಾ.

"ಪೇಶೆಂಟ್ ಉಸಿರು ನಿಲ್ತಾ ಬಂತಕ್ಕ. ಎಲ್ರೂ ಸೇರಿ ನೋಡ್ಕೊಂಡ್ವಿ. ದೇವ್ರು ದೊಡ್ಡೋನು."

"ದೇವ್ರು ಸೀಟಿಗೆ ಅರ್ಜಿ ಹಾಕಿಲ್ಲ ಕಣೇ!" ಎಂದು ಎರ್ಲಿಂಡಾ ಫ್ಲಾನ್ ತಟ್ಟೆ ಹಿಂದಕ್ಕೆಳೆದುಕೊಂಡಳು.

ಮೂಲೆಯಲ್ಲಿದ್ದ ಮುದುಕಿ ಪುರಿಂಗ್ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಹಂಗೆಲ್ಲ ಹೊಗಳ್ಕೋಬಾರ್ದಮ್ಮ, ದೃಷ್ಟಿ ಆಗುತ್ತೆ."

"ನನ್ನಂಗೆ ಹಾಡೋರು ಈ ಊರಲ್ಲೇ ಇಲ್ಲ ಅಂತ ಹೋದ ವಾರ ಎರಡು ತುಂಡು ತಿಂದಿದ್ದು ಯಾರು ಚಿಕ್ಕಮ್ಮ?"

"ಅದು ಜಂಬ ಅಲ್ಲ, ನಿಜ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೋವೆಲಿನ್ ಕೂಡ ನಕ್ಕಳು, ಆಮೇಲೆ ಮೆಲ್ಲಗೆ ಕೇಳಿದಳು, "ಬರೀ ನಿಜ ಹೇಳಿದ್ರೆ ಸಾಕಾ ಅಕ್ಕ?"

"ಸಾಕು."

"ತುಟಿ ನೀಲಿ ಆಗಿದ್ದು ಮೊದ್ಲು ಕಂಡಿದ್ದು ನಂಗೆ. ಡಾಕ್ಟ್ರು ಬರೋವರ್ಗೂ ಮಾಸ್ಕ್ ಹಿಡಿದು ಉಸಿರು ಕೊಟ್ಟಿದ್ದು ನಾನು. ಕೈ ಸೋತ್ಹೋಯ್ತು, ಆದ್ರೂ ಬಿಡ್ಲಿಲ್ಲ."

ಎರ್ಲಿಂಡಾ ತಟ್ಟೆಯನ್ನು ಅವಳ ಮುಂದಿಟ್ಟಳು.

ಸೀಟು ಸಿಕ್ಕಿದ ಸುದ್ದಿ ಬಂದ ಭಾನುವಾರ ಗ್ಯಾರೇಜಿನಲ್ಲಿ ಕುಣಿತವೋ ಕುಣಿತ. ಜೋವೆಲಿನ್ ಮೈಕಿನಲ್ಲಿ ಮನಸಾರೆ ಜಂಬ ಕೊಚ್ಚಿ ದೊಡ್ಡ ತುಂಡನ್ನೇ ಗಿಟ್ಟಿಸಿದಳು. ಆಮೇಲೆ ಫ್ಲಾನಿನ ತಟ್ಟೆ ಎತ್ತಿಕೊಂಡು ಎರ್ಲಿಂಡಾಳ ಮುಂದೆ ನಿಂತಳು.

"ಈಗ ನಿಮ್ಮ ಸರದಿ ಅಕ್ಕ. ನಂಗೆ ಬಾಯಿ ಬರ್ಸಿದ್ದು ಯಾರು?"

"ಅಯ್ಯೋ, ನಾನೇನ್ ಮಾಡ್ದೆ? ನೀನು ಕಷ್ಟಪಟ್ಟೆ, ದೇವ್ರು..."

ಗ್ಯಾರೇಜಿಗೆ ಗ್ಯಾರೇಜೇ ಹೋ ಎಂದಿತು. ತಾನೇ ಮಾಡಿದ ಫ್ಲಾನ್ ಕಣ್ಣೆದುರೇ ದೂರ ಸರಿಯಿತು. ಎರ್ಲಿಂಡಾ ನಾಚಿ ಕೆಂಪಾಗಿ ಮೇಜಿನ ಸುತ್ತ ನೋಡಿದಳು. ಒಂದಾನೊಂದು ದಿನ ಇದೇ ಮೇಜಿನ ಮುಂದೆ ತುಟಿ ಹೊಲಿದುಕೊಂಡು ಕೂತಿದ್ದವರೇ ಎಲ್ಲ. ಇವತ್ತು ಅವರಲ್ಲಿ ಅರ್ಧಕ್ಕರ್ಧ ಜನ ಅವಳದೇ ಕೆಲಸ ಮಾಡುತ್ತಿದ್ದರು.

"ಇವ್ರನ್ನೆಲ್ಲ ತಯಾರು ಮಾಡಿದ್ದು ನಾನು" ಎಂದಳು, ಕೇಳಿಸಿತೋ ಇಲ್ಲವೋ ಎಂಬಂತೆ.

"ಕೇಳಿಸ್ಲಿಲ್ಲ! ಮೈಕಲ್ಲಿ ಹೇಳು!" ಪುರಿಂಗ್ ಚಿಕ್ಕಮ್ಮ ಕೂಗಿದಳು.

ಎರ್ಲಿಂಡಾ ಕಣ್ಣೊರೆಸಿಕೊಂಡು ಮೈಕು ಹಿಡಿದಳು. ಅದನ್ನೇ ಬೀದಿಗೆಲ್ಲ ಕೇಳುವಂತೆ ಹೇಳಿದಳು.